ಮನೆ ಹಿಂದೆ ಎತ್ತರದ ಬರೆ ಇದೆ, ಮಳೆಗಾಲಕ್ಕೆ ಏನು ತಯಾರಿ ಬೇಕು?

ಮೈಸೂರಿನಿಂದ ಮಡಿಕೇರಿ ಹತ್ತಿರದ ಹಳ್ಳಿಗೆ ಬಂದಿದ್ದೇವೆ. ಮನೆ ಹಿಂದೆ ಎತ್ತರದ ಬರೆ (ಕಡಿದಾದ ಮಣ್ಣಿನ ದಿಣ್ಣೆ), ಪಕ್ಕದಲ್ಲಿ ತೋಡು (ಸಣ್ಣ ಹಳ್ಳ). ಅತ್ತೆಗೆ ನಡೆಯುವುದು ಕಷ್ಟ, ಹಸುಗಳೂ ಇವೆ. ಇಲ್ಲಿ ನಮಗಿದು ಮೊದಲ ಮಳೆಗಾಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಮಕ್ಕಂದೂರು ಕಡೆಯಿಂದ:

ಅಕ್ಕಾ, ಯಾವಾಗ ಮನೆ ಬಿಡಬೇಕು, ಯಾರ ಮನೆಗೆ ಹೋಗಬೇಕು ಅನ್ನುವುದನ್ನು ಎಲ್ಲರೂ ಕೂತು ಈಗಲೇ ತೀರ್ಮಾನ ಮಾಡಿ. ಸಾಮಾನಿನ ಯೋಚನೆ ಆಮೇಲೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದಾಗ ನಮ್ಮ ಕಡೆ ರಸ್ತೆ, ಕರೆಂಟು, ಮೊಬೈಲ್ ಎಲ್ಲ ಒಟ್ಟಿಗೇ ಹೋದವು. ಜೋಡುಪಾಲದ ಹತ್ತಿರ ಮಂಗಳೂರು ರಸ್ತೆಯೂ ಮುಚ್ಚಿತು. ಅತ್ತೆಯನ್ನು ನಡುರಾತ್ರಿ ಎತ್ತಿಕೊಂಡು ಹೋಗುವ ಸ್ಥಿತಿ ಬರಬಾರದು. ಮಳೆ ಬಿಡದೆ ಹಿಡಿದರೆ ಹಗಲಲ್ಲೇ ಅವರನ್ನು ನೆಂಟರ ಮನೆಗೆ ಬಿಟ್ಟುಬಿಡಿ. ಏನೂ ಆಗದಿದ್ದರೆ ವಾಪಸ್ ಕರೆತಂದರಾಯಿತು, ಅಲ್ವಾ?

ಬರೆಯನ್ನು ದಿನಾ ನೋಡಿ. ಮೇಲೆ ಹೊಸ ಬಿರುಕು ಬಂದಿದೆಯಾ, ಯಾವತ್ತೂ ಇಲ್ಲದ ಕಡೆ ಒರತೆ ಎದ್ದಿದೆಯಾ, ಮರವೋ ಕರೆಂಟ್ ಕಂಬವೋ ವಾಲಿದೆಯಾ ಗಮನಿಸಿ. ಮಳೆಗೆ ಬಾಗಿಲು ಉಬ್ಬುವುದು ಮಾಮೂಲು. ಆದರೆ ಗೋಡೆಯೂ ಬಿರಿದು ಬಾಗಿಲು ಸಿಕ್ಕಿಕೊಂಡರೆ ಅದು ಬೇರೆ ವಿಷಯ. ಜೋರು ಮಳೆಯಲ್ಲೂ ತೋಡಿನ ನೀರು ಇದ್ದಕ್ಕಿದ್ದಂತೆ ಇಳಿದರೆ ತಕ್ಷಣ ಹೊರಡಿ. ಮೇಲೆಲ್ಲೋ ಮಣ್ಣು ಬಿದ್ದು ನೀರು ಕಟ್ಟಿಕೊಂಡಿರಬಹುದು, ಅದು ಒಡೆದರೆ ಎಲ್ಲ ಒಮ್ಮೆಲೇ ಬರುತ್ತದೆ. ಓಡುವಾಗ ತೋಡಿನ ಜಾಡು ಹಿಡಿದು ಕೆಳಗೆ ಇಳಿಯಬೇಡಿ, ಪಕ್ಕದ ಗಟ್ಟಿ ಜಾಗಕ್ಕೆ ಸರಿಯಿರಿ.

ಬರೆ ಮೇಲಿನ ಚರಂಡಿಯನ್ನು ಮೇ ತಿಂಗಳಲ್ಲೇ ಬಿಡಿಸಿ. ಅಲ್ಲಿ ನೀರು ನಿಂತು ಇಂಗಿದಷ್ಟೂ ಮಣ್ಣು ಭಾರವಾಗುತ್ತದೆ. ಅಂಗಳ ಅಗಲ ಮಾಡಲು ಜೆಸಿಬಿ ತಂದು ಬರೆಯ ಬುಡ ಕೆರೆಸುವುದಂತೂ ಬೇಡವೇ ಬೇಡ. ಜೋರು ಮಳೆಯ ರಾತ್ರಿ ಬರೆ ಕಡೆಯ ಕೋಣೆಯಲ್ಲಿ ಯಾರೂ ಮಲಗಬೇಡಿ.

ಆಧಾರ್, ಪಹಣಿ, ಪಾಸ್‌ಬುಕ್, ರೇಷನ್ ಕಾರ್ಡ್ ಎಲ್ಲ ಪ್ಲಾಸ್ಟಿಕ್ ಕವರ್‌ಗೆ ಹಾಕಿ ಒಂದೇ ಚೀಲದಲ್ಲಿಡಿ. ಅತ್ತೆಯ ಮಾತ್ರೆ, ಟಾರ್ಚ್, ಸ್ವಲ್ಪ ನಗದು ಕೂಡ ಅದರಲ್ಲೇ ಇರಲಿ. ಕರೆಂಟ್ ಹೋದರೆ ಎಟಿಎಂ ನಂಬುವ ಹಾಗಿಲ್ಲ. ಹೊರಡುವಾಗ ಹಸುಗಳ ಹಗ್ಗ ಬಿಚ್ಚಿಬಿಡಿ. ಕಟ್ಟಿದ ಹಸುವಿಗೆ ತಪ್ಪಿಸಿಕೊಳ್ಳಲು ದಾರಿಯೇ ಇರುವುದಿಲ್ಲ.

ಸಿದ್ದಾಪುರ ಕಡೆಯಿಂದ:

ನಮ್ಮದು ಹೊಳೆ ಬದಿಯ ಕಥೆ. 2019ರಲ್ಲಿ ಕರಡಿಗೋಡು, ನೆಲ್ಯಹುದಿಕೇರಿಯಲ್ಲಿ ಕಾವೇರಿ ಮನೆಗಳಿಗೇ ನುಗ್ಗಿತು. ಇಲ್ಲಿ ಮಳೆ ಕಡಿಮೆ ಅಂತ ಸುಮ್ನೆ ಕೂರುವ ಹಾಗಿಲ್ಲ, ಭಾಗಮಂಡಲದ ಕಡೆ ಸುರಿದರೂ ನೀರು ನಮ್ಮಲ್ಲಿಗೇ ಬರುತ್ತದೆ. ನೀರು ಹೊಸ್ತಿಲಿಗೆ ಬರುವ ಮೊದಲೇ ಮೇನ್ ಸ್ವಿಚ್ ಆರಿಸಿ. ನೀರು ಇಳಿದ ಮೇಲೆ ಕೆಸರು ತೊಳೆಯುವ ಮುಂಚೆ ಎಲ್ಲದರ ಫೋಟೋ ತೆಗೆದಿಡಿ, ಪರಿಹಾರದ ಅರ್ಜಿಗೆ ಬೇಕಾಗುತ್ತದೆ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿ, ಕುದಿಸಿದ ನೀರನ್ನೇ ಕುಡಿಯಿರಿ. ಕಾಲಲ್ಲಿ ಗಾಯ ಇದ್ದರೆ ಬರಿಗಾಲಲ್ಲಿ ಕೆಸರು ತುಳಿಯಬೇಡಿ, ಇಲಿಜ್ವರ ಬರುವುದು ಹಾಗೆಯೇ. ಆಮೇಲೆ ಜ್ವರ ಕಾಣಿಸಿದರೆ ಡಾಕ್ಟರಿಗೆ ನೆರೆ ನೀರಲ್ಲಿ ಓಡಾಡಿದ್ದನ್ನು ಹೇಳಿ.

ಸೋಮವಾರಪೇಟೆ ಕಡೆಯಿಂದ:

ಒಂದು ಮಾತು ಸೇರಿಸುತ್ತೇನೆ. ತೋಟದಲ್ಲಿ ಲೈನ್ ಮನೆ (ಕೂಲಿ ಕಾರ್ಮಿಕರ ಸಾಲು ಮನೆ) ಇದ್ದರೆ ಅಲ್ಲಿನವರಿಗೂ ಇದನ್ನೆಲ್ಲ ಹೇಳಿ. ಈಗ ಅಸ್ಸಾಂ ಕಡೆಯಿಂದ ಬಂದವರು ಜಾಸ್ತಿ. ನಮ್ಮ ಬರೆಗಳ ಗುಣ ಅವರಿಗೆ ಗೊತ್ತಿಲ್ಲ, ಕನ್ನಡದ ಸೂಚನೆ ಓದಲು ಬರುವುದಿಲ್ಲ. ಜಿಲ್ಲಾ ಕಂಟ್ರೋಲ್ ರೂಮಿನ 1077 ನಂಬರನ್ನು ಅವರ ಫೋನಿನಲ್ಲೂ ಸೇವ್ ಮಾಡಿಕೊಡಿ. ಹೋಗಬೇಕಾದ ಜಾಗವನ್ನು ಬಾಯಲ್ಲಿ ಹೇಳಿದರೆ ಸಾಲದು, ಮಳೆಗೆ ಮುಂಚೆ ಒಮ್ಮೆ ನಡೆಸಿಕೊಂಡು ಹೋಗಿ ತೋರಿಸಿ.