ಜಂತುಹುಳು ಹೆಚ್ಚಾದ ಕುರಿಗಳಿಗೆ ಪ್ರೋಟೀನ್ ಹೆಚ್ಚಿಸಿದವರು ಅನುಭವ ತಿಳಿಸಿ

ಪ್ರಶ್ನೆ: ಈದು ಹಾಲೂಡುತ್ತಿರುವ ನನ್ನ ಕುರಿಗಳ ಹಿಕ್ಕೆಯಲ್ಲಿ ಜಂತುಹುಳುವಿನ ಮೊಟ್ಟೆಗಳು ವಿಪರೀತವಾಗಿವೆ. ಔಷಧಿಯ ಜೊತೆಗೆ ಹಿಂಡಿ ಹೆಚ್ಚಿಸಿದರೆ ಪ್ರಯೋಜನವಿದೆಯೇ?

ಉತ್ತರ 1: ಖಂಡಿತ ಇದೆ. ನನ್ನ ಮಂದೆಯಲ್ಲಿ ಅವಳಿ ಮರಿ ಹಾಕುವ ಕುರಿಗಳೇ ಹೆಚ್ಚು ಸೊರಗುತ್ತಿದ್ದವು, ಏಕೆಂದರೆ ತಿಂದ ಪ್ರೋಟೀನು ಮೊದಲು ಗರ್ಭಕ್ಕೂ ಕೆಚ್ಚಲಿಗೂ ಸಂದು, ಮಿಕ್ಕರೆ ಮಾತ್ರ ರೋಗನಿರೋಧಕ ಶಕ್ತಿಗೆ ದಕ್ಕುತ್ತದೆ. ಆದ್ದರಿಂದ ಈಯುವ ಕೆಲವು ವಾರ ಮೊದಲೇ ಸೋಯಾ ಹಿಂಡಿ ಆರಂಭಿಸಿದೆ. ಮೇವಿನ ಖರ್ಚು ಒಂದೂವರೆ ಪಟ್ಟಾಯಿತು. ಬಲವಾದ ಕುರಿಗಳು ನುಗ್ಗಿ ಬಡಕಲು ಕುರಿಗಳ ಪಾಲನ್ನೂ ತಿಂದದ್ದರಿಂದ ಪ್ರತ್ಯೇಕ ಗೋದಲಿ ಕಟ್ಟಿಸಬೇಕಾಯಿತು. ಕೆಲವಕ್ಕೆ ಹೊಟ್ಟೆಯುಬ್ಬರವೂ ಬಂತು. ಆದರೂ ಆ ಸಲ ಮೊಟ್ಟೆಯ ಎಣಿಕೆ ಇಳಿಯಿತು, ಮರಿಗಳಿಗೆ ಹಾಲು ಸಾಕಾಯಿತು.

ಉತ್ತರ 2: ಇಂತಹ ಮಾತು ಕೇಳಿ ಔಷಧಿ ತಡಮಾಡಿದವರ ಮರಿಗಳು ಸತ್ತರೆ ಹೊಣೆ ಯಾರು? ರಕ್ತ ಹೀರುವ ಹೀಮೋಂಕಸ್ ಹುಳು ಒಂದೊಂದೂ ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಕಳೆಯುತ್ತದೆ. ಸಾವಿರ ಹುಳುಗಳಿದ್ದರೆ 50 ಮಿಲಿಲೀಟರ್. ಹಾಲು ಬಿಡಿಸಿದ ನನ್ನ ಮರಿಗಳಿಗೆ ಹಿಂಡಿಯ ಕೊರತೆಯೇ ಇರಲಿಲ್ಲ. ಆದರೂ ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡು, ದವಡೆಯ ಕೆಳಗೆ ನೀರು ತುಂಬಿ, ಚೆನ್ನಾಗಿ ಬೆಳೆದಿದ್ದವೇ ಮೊದಲು ಹೋದವು. ಎಳೆಯ ಮರಿಗೆ ಹುಳುವಿನ ವಿರುದ್ಧ ಶಕ್ತಿ ಕೂಡಿಬರಲು ವಾರಗಳು ಬೇಕು. ಅಷ್ಟು ದಿನ ರಕ್ತ ಉಳಿಯಬೇಕಲ್ಲ?

ಉತ್ತರ 1: ಔಷಧಿ ತಡಮಾಡಿ ಎಂದು ನಾನು ಬರೆದಿರುವ ಸಾಲನ್ನು ದಯವಿಟ್ಟು ತೋರಿಸಿ. ದವಡೆಯ ಕೆಳಗಿನ ಆ ಬಾವು ರಕ್ತದ ಪ್ರೋಟೀನ್ ಸೋರಿಹೋದುದರ ಗುರುತು. ಔಷಧಿ ಹುಳುವನ್ನು ಕೊಲ್ಲುತ್ತದೆಯೇ ಹೊರತು ಕಳೆದ ಪ್ರೋಟೀನನ್ನು ಮರಳಿ ತುಂಬುವುದಿಲ್ಲ. ಅದು ಮೇವಿನಿಂದಲೇ ಬರಬೇಕು.

ಉತ್ತರ 3: ಇಬ್ಬರೂ ಹಿಂಡಿಯನ್ನೇ ಹಿಡಿದಿದ್ದೀರಿ. ನಾನು ಒಣಮೇವಿಗೆ ಯೂರಿಯಾ ಬೆರೆಸಿ ಖರ್ಚು ಬಹಳ ಇಳಿಸಿದೆ. ಕುರಿಯ ಹೊಟ್ಟೆಯ ಮೊದಲ ಭಾಗದಲ್ಲಿರುವ ಸೂಕ್ಷ್ಮಜೀವಿಗಳು ಅದನ್ನೇ ಪ್ರೋಟೀನಾಗಿ ಮಾಡಿಕೊಳ್ಳುತ್ತವೆ.

ಉತ್ತರ 2: ಯೂರಿಯಾ ಸರಿಯಾಗಿ ಬೆರೆಯದೆ ಒಂದೆಡೆ ಗಟ್ಟಿಯಾಗಿ ಉಳಿದರೆ ವಿಷವಾಗುತ್ತದೆ ಎಂಬುದನ್ನು ಬರೆಯದೆ ಬಿಟ್ಟದ್ದು ಸರಿಯೇ? ನೆರೆಯವರ ಕುರಿಗಳು ಒಂದೇ ರಾತ್ರಿಯಲ್ಲಿ ಸತ್ತದ್ದನ್ನು ಕಂಡಿದ್ದೇನೆ.

ಉತ್ತರ 3: ಅಳತೆ ತಪ್ಪಿದರೆ ಜಂತುನಾಶಕವೂ ಕೆಡಿಸುತ್ತದೆ. ತಾವು ಅಷ್ಟು ನಂಬುವ ಆ ಔಷಧಿ ಕೊಟ್ಟ 10ರಿಂದ 14 ದಿನಗಳ ನಂತರ ಹಿಕ್ಕೆ ಪರೀಕ್ಷೆ ಮಾಡಿಸಿದ್ದೀರಾ? ಮೊಟ್ಟೆಗಳು ಶೇಕಡಾ 95ರಷ್ಟೂ ಇಳಿಯದಿದ್ದರೆ ಹುಳುಗಳು ಔಷಧಿಗೆ ಒಗ್ಗಿರುವ ಶಂಕೆ ಬಲವಾಗುತ್ತದೆ. ತಮ್ಮ ಮರಿಗಳ ಸಾವಿಗೆ ಹಿಂಡಿಯನ್ನು ದೂರುವ ಮುನ್ನ ಆ ಲೆಕ್ಕವನ್ನು ಇಲ್ಲಿ ಬರೆಯಿರಿ.