ಅಪ್‌ಡೇಟ್: ಮತ್ತೆ ಹುಳು ಸಾಕಿದೆ, ಗೂಡು ಬಂತು

ಹಾಲು ತೊಂಡೆ ರೋಗ ಬಂದು ರೇಷ್ಮೆ ಹುಳುವೆಲ್ಲ ಸತ್ತು ಇಡೀ ಬೆಳೆ ಹೋದ ಮೇಲೆ ರೇಷ್ಮೆ ಮನೆ ಬಾಗಿಲು ತೆಗೆಯಲೂ ಭಯ, ಮತ್ತೆ ಸಾಕಲೋ ಬಿಡಲೋ ಎಂದು ಇಲ್ಲಿ ಕೇಳಿದ್ದೆ. ಸಾಕಿದೆ. ಗೂಡು ಚೆನ್ನಾಗಿ ಬಂತು!

ಮೊದಲು ಮನೆ ಶುದ್ಧ ಮಾಡಿ, ಅರ್ಧ ಭಯ ಹೋಗುತ್ತದೆ ಎಂದು ಒಬ್ಬ ಅಕ್ಕ ಹೇಳಿದ್ದರು. ನಿಜ. ಬ್ಲೀಚಿಂಗ್ ಪುಡಿ, ಸುಣ್ಣ ಕಲಸಿದ ನೀರನ್ನು ಗೋಡೆ, ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆಗೆಲ್ಲ ಹೊಡೆದೆವು. ಮೊಟ್ಟೆ ತರದೆ, ಎರಡನೇ ಜ್ವರ ಎದ್ದ, ಅಂದರೆ ಎರಡು ಸಲ ಪೊರೆ ಬಿಟ್ಟ ಚಾಕಿ ಹುಳುವನ್ನೇ (ಬೇರೆ ಕಡೆ ಸಾಕಿದ ಮರಿಹುಳು) ತಂದೆವು. ಕಾಯಿಲೆ ಹುಳು ಕಂಡರೆ ತಕ್ಷಣ ಆರಿಸಿ ತೆಗೆಯುತ್ತಿದ್ದೆವು.

ಕಷ್ಟ ಆಗಿದ್ದು ಐದನೇ ಹಂತ, ಗೂಡು ಕಟ್ಟುವ ಮುಂಚಿನ ಕೊನೆಯ ಹಂತ. ಹುಳು ಒಟ್ಟು ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ಈ ಹಂತದಲ್ಲೇ ಬೇಕು. ಹಿಂದೆ ಹುಳು ಸತ್ತಿದ್ದೂ ಆಗಲೇ ಅಲ್ವಾ? ರಾತ್ರಿ ಸೊಪ್ಪು ಹಾಕಲು ಹೋದರೆ ಕಾಲು ನಡುಗುತ್ತಿತ್ತು. ಬಾಗಿಲಲ್ಲಿ ನಿಂತು ಮಾದಪ್ಪನನ್ನು ನೆನೆದು ಒಳಗೆ ಕಾಲಿಡುತ್ತಿದ್ದೆ. ರೋಗ ತಡೆಯುವುದು ನಮ್ಮ ಕೆಲಸ. ಆದರೆ ಒಳಗೆ ಹೋಗುವ ಧೈರ್ಯ ಕೊಟ್ಟವನು ಅವನೇ, ಇದನ್ನು ಮನಸಾರೆ ನಂಬುತ್ತೇನೆ.

ಗೂಡನ್ನು ರಾಮನಗರ ಮಾರುಕಟ್ಟೆಗೆ ಹಾಕಿದೆವು. ಸಾಲ ಪೂರ್ತಿ ತೀರಿಲ್ಲ. ಮುಂದಿನ ಬೆಳೆಗೆ ಚಾಕಿ ಹೇಳಿಟ್ಟಿದ್ದೇನೆ. ಧೈರ್ಯ ಹೇಳಿದ ಅಕ್ಕ, ಅಣ್ಣಂದಿರಿಗೆಲ್ಲ ತುಂಬಾ ಥ್ಯಾಂಕ್ಸ್.