ಅಟಕಾಮಾದಲ್ಲಿ ‘ಎಲ್ಲ ಸೇರಿ’ ಹೋಟೆಲ್: ಮಕ್ಕಳ ಜೊತೆ ಹೋಗಿ ಬಂದವರು ಹೇಳಿ

ಪ್ರಶ್ನೆ: ಚಿಲಿಯ ಸಾನ್ ಪೆದ್ರೊ ದೆ ಅಟಕಾಮಾದಲ್ಲಿ ಐದು ದಿನ ಇರುವ ಯೋಚನೆ ಇದೆ. ಊಟ, ಗೈಡ್, ವ್ಯಾನ್, ಸೈಕಲ್, ಕುದುರೆ ಎಲ್ಲ ಸೇರಿ ಒಂದೇ ರೇಟ್ ಹೇಳುವ ಹೋಟೆಲ್ ನೋಡಿದ್ದೇವೆ. ಜುಲೈನಲ್ಲಿ ಹೋಗುತ್ತೇವೆ. ಮಕ್ಕಳಿಗೆ ಏಳು ಮತ್ತು ಹನ್ನೆರಡು ವರ್ಷ. ರೇಟ್ ಜಾಸ್ತಿನೇ ಇದೆ. ಅಷ್ಟು ಕೊಡಬಹುದಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಉತ್ತರ: ನಾವೂ ಜುಲೈನಲ್ಲೇ ಹೋಗಿದ್ದೆವು. ಆಗ ಮಗಳಿಗೆ ಎಂಟು, ಮಗನಿಗೆ ಹದಿಮೂರು. ದುಡ್ಡಿನ ವಿಷಯ ಆಮೇಲೆ. ಮೊದಲು ಎತ್ತರದ ವಿಷಯ ಹೇಳುತ್ತೇನೆ, ನಾವು ಎಡವಿದ್ದು ಅಲ್ಲೇ.

ಸಾನ್ ಪೆದ್ರೊ ಊರು ಸುಮಾರು 2,400 ಮೀಟರ್ ಎತ್ತರದಲ್ಲಿದೆ. ಅಷ್ಟಕ್ಕೆ ಹೆಚ್ಚಿನವರಿಗೆ ದೊಡ್ಡ ತೊಂದರೆ ಆಗುವುದಿಲ್ಲ. ಆದರೆ ಹೋಟೆಲಿನ ಪಟ್ಟಿಯಲ್ಲಿರುವ ಹೆಸರಾದ ಜಾಗಗಳು ಬಹಳ ಮೇಲಿವೆ. ಮಿಸ್ಕಾಂತಿ ಸರೋವರ 4,100 ಮೀಟರಿಗೂ ಮೇಲೆ. ಎಲ್ ತಾತಿಯೊದ ಬಿಸಿನೀರಿನ ಬುಗ್ಗೆಗಳು ಸುಮಾರು 4,300 ಮೀಟರ್. ನಾವು ಊರು ತಲುಪಿದ ಮರುದಿನವೇ ಮಿಸ್ಕಾಂತಿಗೆ ಹೊರಟೆವು. ದುಡ್ಡು ಕಟ್ಟಿಯಾಗಿದೆ, ಒಂದು ದಿನ ಸುಮ್ನೆ ಯಾಕೆ ಕಳೆಯಬೇಕು ಅನ್ನುವ ಲೆಕ್ಕ. ಘಟ್ಟ ಹತ್ತುತ್ತಾ ಮಗನ ಕೈಯಲ್ಲಿದ್ದ ಚಿಪ್ಸ್ ಪ್ಯಾಕೆಟ್ ಬಲೂನಿನ ಹಾಗೆ ಉಬ್ಬಿಕೊಂಡಿತು. ಮಕ್ಕಳಿಬ್ಬರಿಗೂ ಅದನ್ನು ಒತ್ತಿ ಒತ್ತಿ ನೋಡುವುದೇ ಆಟ. ಸ್ವಲ್ಪ ಹೊತ್ತಿಗೆ ಮಗಳ ಮಾತು ನಿಂತಿತು. ತಲೆ ಹಿಡಿದುಕೊಂಡು ನನ್ನ ತೊಡೆಗೆ ಒರಗಿದಳು. ಕೆರೆ ಮುಟ್ಟಿದ ಮೇಲೆ ಎರಡು ಸಲ ವಾಂತಿ. ಗೈಡ್ ಒಂದು ನಿಮಿಷವೂ ಯೋಚಿಸಲಿಲ್ಲ, ಆಕ್ಸಿಜನ್ ಕೊಟ್ಟು ವ್ಯಾನ್ ತಿರುಗಿಸಿದರು. ಕೆಳಗಿಳಿದ ಹಾಗೆಲ್ಲ ಅವಳ ಮುಖಕ್ಕೆ ಕಳೆ ಬಂತು, ರಾತ್ರಿ ಒಂದು ಬಟ್ಟಲು ಸೂಪ್ ಕುಡಿದಳು. ಆದರೆ ಅದೇ ವ್ಯಾನಿನಲ್ಲಿ ಇನ್ನೊಂದು ಕುಟುಂಬವೂ ಇತ್ತು, ಅವರ ದಿನವೂ ಹೋಯಿತು. ಅವರು ಒಂದು ಮಾತೂ ಆಡಲಿಲ್ಲ. ನನಗೆ ಮಾತ್ರ ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಹಾಗಾಗಿ ಕೊಟ್ಟ ದುಡ್ಡು ವಸೂಲಿ ಆಗಬೇಕು ಅಂತ ಪಟ್ಟಿಯಲ್ಲಿರುವುದೆಲ್ಲಕ್ಕೂ ಹೋಗಬೇಡಿ. ಮೊದಲ ಎರಡು ದಿನ ಊರಿನ ಮಟ್ಟದಲ್ಲೇ ಇರಿ. ಚಂದ್ರ ಕಣಿವೆ, ಉಪ್ಪಿನ ಬಯಲಿನ ಚಾಕ್ಸಾ ಕೆರೆಯ ಫ್ಲೆಮಿಂಗೊಗಳು, ಸೈಕಲ್, ಇಷ್ಟೇ ಸಾಕು. ಮೂರನೇ ದಿನ ಪುರಿತಾಮಾ, ಸುಮಾರು 3,500 ಮೀಟರ್. ಬೆಚ್ಚಗಿನ ನೀರಿನ ಕೊಳಗಳು, ನಮ್ಮ ಮಕ್ಕಳನ್ನು ಹೊರಗೆ ಎಳೆಯುವುದೇ ಕಷ್ಟವಾಯಿತು. ತಾತಿಯೊ ಕೊನೆಯ ದಿನಕ್ಕಿರಲಿ. ಎತ್ತರದ ತೊಂದರೆಗೆ ಮಾತ್ರೆ ಬೇಕೋ ಬೇಡವೋ ಅಂತ ಹೊರಡುವ ಮೊದಲೇ ಮಕ್ಕಳ ಡಾಕ್ಟರನ್ನು ಕೇಳಿ.

ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಚಂದ್ರ ಕಣಿವೆ. ಹೋಟೆಲಿಂದ ಹತ್ತಿರ, ಆಯಾಸವೂ ಕಡಿಮೆ. ಸಂಜೆ ಹೊತ್ತು ಗೈಡ್ ನಮ್ಮನ್ನು ಒಂದು ಉಪ್ಪಿನ ಗೋಡೆಯ ಪಕ್ಕ ನಿಲ್ಲಿಸಿ, ಎರಡು ನಿಮಿಷ ಯಾರೂ ಮಾತಾಡಬೇಡಿ ಅಂದರು. ಮೊದಲು ಏನೂ ಇಲ್ಲ. ಆಮೇಲೆ ಗೋಡೆಯ ಒಳಗಿಂದ ಟಕ್ ಅಂತು. ಇನ್ನೊಂದು ಕಡೆಯಿಂದ ಟಕ್, ಟಕ್. ಹಗಲಿನ ಬಿಸಿಲಿಗೆ ಹಿಗ್ಗಿದ ಉಪ್ಪು ತಣ್ಣಗಾಗುತ್ತಾ ಕುಗ್ಗುವ ಸದ್ದು ಅದು. ಮಗಳು ಗೋಡೆಗೆ ಕಿವಿಯಿಟ್ಟು ನಿಂತವಳು ಅಲ್ಲಾಡಲೇ ಇಲ್ಲ.

ಈಗ ದುಡ್ಡು. ಕಲಾಮಾ ವಿಮಾನ ನಿಲ್ದಾಣದಿಂದ ಸಾನ್ ಪೆದ್ರೊಗೆ ಸುಮಾರು 100 ಕಿಲೋಮೀಟರ್. ಹೋಗಿ ಬರುವ ವ್ಯಾನ್, ಮೂರು ಹೊತ್ತಿನ ಊಟ, ಗೈಡ್ ಎಲ್ಲ ನಮ್ಮ ರೇಟಿನಲ್ಲೇ ಇತ್ತು. ಮಸಾಜ್, ಟಿಪ್ಸ್, ನಮಗೇ ಅಂತ ಬೇರೆ ವ್ಯಾನ್ ಬೇಕಾದರೆ ಅದು, ಇವೆಲ್ಲ ಬೇರೆ. ಜಾಗಗಳ ಪ್ರವೇಶದ ಟಿಕೆಟ್ ಸೇರಿದೆಯಾ, ಮಕ್ಕಳಿಗೆ ಯಾವ ಟ್ರಿಪ್‌ಗೆ ಎಷ್ಟು ವಯಸ್ಸು ಆಗಿರಬೇಕು, ಇವೆರಡನ್ನೂ ಬರಹದಲ್ಲೇ ಕೇಳಿ ತರಿಸಿಕೊಳ್ಳಿ. ನಮ್ಮಲ್ಲಿ ಮಗಳಿಗೆ ಕುದುರೆ ಸಿಗಲಿಲ್ಲ, ಅದು ಗೊತ್ತಾಗಿದ್ದು ಅಲ್ಲಿಗೆ ಹೋದ ಮೇಲೆ. ಇನ್ನೊಂದು ವಿಷಯ: ಚಿಲಿಯಲ್ಲಿ ವಾಸ ಇಲ್ಲದ ವಿದೇಶಿಯರು ಹೋಟೆಲ್ ಬಿಲ್ಲನ್ನು ಡಾಲರಿನಲ್ಲಿ ಕಟ್ಟಿದರೆ 19% ತೆರಿಗೆ ಬೀಳುವುದಿಲ್ಲ. ಪಾಸ್‌ಪೋರ್ಟ್ ಜೊತೆ, ಚಿಲಿಗೆ ಇಳಿದಾಗ ಸಿಗುವ ಪ್ರವಾಸಿ ಚೀಟಿಯನ್ನೂ ತೋರಿಸಬೇಕು, ಅದನ್ನು ಜೋಪಾನ ಮಾಡಿ.

ಕೊಡಬಹುದಾ ಅಂದರೆ, ಕೊಡಬಹುದು. ಮಗಳು ಮಲಗಿದ್ದ ದಿನ ನಾನು ಅವಳ ಹತ್ತಿರ ಇದ್ದೆ, ಅವರಪ್ಪ ಮಗನನ್ನು ಸೈಕಲ್‌ಗೆ ಕರೆದುಕೊಂಡು ಹೋದರು. ಯಾರಿಗೂ ಫೋನ್ ಮಾಡಿ ಕ್ಯಾನ್ಸಲ್ ಮಾಡುವ ತಲೆಬಿಸಿ ಇರಲಿಲ್ಲ.

ಇನ್ನೊಬ್ಬರ ಉತ್ತರ: ಮೇಲಿನವರ ಮಾತು ನಿಜ. ನಾವು ಫೆಬ್ರವರಿಯಲ್ಲಿ ಹೋಗಿದ್ದೆವು. ಮರುಭೂಮಿಯಲ್ಲಿ ಮಳೆಯಾ ಅನ್ನಬೇಡಿ, ಜನವರಿ-ಫೆಬ್ರವರಿಯಲ್ಲಿ ಮೇಲಿನ ಬೆಟ್ಟಗಳಲ್ಲಿ ಬರುತ್ತದೆ. ಎರಡು ದಿನ ರಸ್ತೆ ಮುಚ್ಚಿತ್ತು. ಗೈಡ್‌ಗಳು ಹಿಂದಿನ ರಾತ್ರಿಯೇ ಕೂತು ಬೇರೆ ಜಾಗ ಗೊತ್ತು ಮಾಡಿದರು. ಜುಲೈನಲ್ಲಿ ನಿಮಗೆ ಈ ತೊಂದರೆ ಕಡಿಮೆ. ನಾವು ಮಾಂಸ, ಮೊಟ್ಟೆ ತಿನ್ನುವುದಿಲ್ಲ. ಬುಕ್ ಮಾಡುವಾಗಲೇ ಬಿಡಿಸಿ ಹೇಳಿದ್ದರಿಂದ ಕಿನ್ವಾ, ಆಲೂಗೆಡ್ಡೆ, ಮೆಕ್ಕೆಜೋಳ, ಕಾಳಿನ ಸೂಪ್ ಚೆನ್ನಾಗಿಯೇ ಸಿಕ್ಕಿತು. ಮನೆಯಿಂದ ತಿಂಡಿ ಒಯ್ದರೆ ಚಿಲಿಗೆ ಇಳಿದಾಗ ಫಾರಂನಲ್ಲಿ ತಪ್ಪದೆ ಬರೆಯಿರಿ. ಹಣ್ಣು, ಬೀಜ, ಜೇನು ಬಚ್ಚಿಟ್ಟರೆ ದಂಡ. ನಕ್ಷತ್ರ ನೋಡಬೇಕಾದರೆ ಅಮಾವಾಸ್ಯೆಯ ಆಸುಪಾಸಿನ ದಿನ ಆರಿಸಿಕೊಳ್ಳಿ.

ಪ್ರಶ್ನೆ ಕೇಳಿದವರು: ತುಂಬಾ ಧನ್ಯವಾದ. ಏಳು ವರ್ಷದವನನ್ನು ತಾತಿಯೊಗೆ ಕರೆದುಕೊಂಡು ಹೋಗಬಹುದಾ? ಚಳಿಯ ಭಯ.

ಮೊದಲು ಉತ್ತರಿಸಿದವರು: ಹಿಂದಿನ ಮೂರು ದಿನ ತಲೆನೋವಿಲ್ಲದೆ, ಊಟ-ನಿದ್ದೆ ಸರಿಯಾಗಿದ್ದರೆ ಹೋಗಬಹುದು. ಇಲ್ಲದಿದ್ದರೆ ನಿಮ್ಮಲ್ಲಿ ಒಬ್ಬರು ಅವನ ಜೊತೆ ಉಳಿಯಿರಿ. ಚಳಿಗಾಳಿಯಲ್ಲೇ ಹಬೆ ಚೆನ್ನಾಗಿ ಕಾಣುವುದು, ಹಾಗಾಗಿ ಬೆಳಗಾಗುವ ಮುಂಚೆ ಹೊರಡಬೇಕು. ನಾವು ಹೋದ ದಿನ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿತ್ತು, ಬ್ಯಾಗಿನ ಹೊರಗಿದ್ದ ಬಾಟಲಿಯ ನೀರು ಗಟ್ಟಿಯಾಗಿತ್ತು. ಒಂದರ ಮೇಲೊಂದು ಬಟ್ಟೆ ಹಾಕಿ, ಬಿಸಿಲು ಬಂದ ಹಾಗೆ ಒಂದೊಂದೇ ತೆಗೆಯಿರಿ. ತುಟಿಗೆ ಹಚ್ಚುವ ಮುಲಾಮು ಪ್ರತಿಯೊಬ್ಬರಿಗೂ ಒಂದು ಇರಲಿ, ಮಗನ ತುಟಿ ಎರಡೇ ದಿನಕ್ಕೆ ಒಡೆದು ರಕ್ತ ಬಂದಿತ್ತು. ಆ ಎತ್ತರದಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ, ಆದರೂ ಚರ್ಮ ಸುಲಿಯುವಷ್ಟು ಬಿಸಿ. ಬುಗ್ಗೆಗಳ ಸುತ್ತ ನೆಲ ತೆಳು. ಕಲ್ಲು ಜೋಡಿಸಿ ಗುರುತು ಮಾಡಿದ ದಾರಿ ಬಿಟ್ಟು ಒಂದು ಹೆಜ್ಜೆಯೂ ಆಚೆ ಇಡಬಾರದು. ಅವನ ಕೈಗವಸಿನ ಮೇಲೆ ಹಿಡಿದರೆ ಜಾರುತ್ತದೆ, ಮಣಿಕಟ್ಟು ಹಿಡಿದುಕೊಳ್ಳಿ.